ಹೊಳ್ಳಿ ಬರೂದಿಲ್ಲ ಎಂದ ಅತ್ತೆ

ನನ್ನ ಅತ್ತೆಯ ಬೆರಳ ತುದಿಗಳು ಸದಾ ನೀರಲ್ಲಿ ನೆನೆಹಾಕಿದ ಹಾಗೆ ಬೆಳ್ಳಗೆ ಮುರುಟಿರುತ್ತಿದ್ದವು. ವಿಜಾಪುರದ ಮಿಷನ್ ದವಾಖಾನೆಯಲ್ಲಿ ಕುಷ್ಠರೋಗಿಗಳ ಹುಣ್ಣು ತೊಳೆಯುವ ಕೆಲಸ ಅವರದು. ಮದುವೆಯಾಗಿ ಬಂದ ಹೊಸದರಲ್ಲಿ, ಆ ಕೈ ಬಡಿದ ರೊಟ್ಟಿ ನನ್ನ ಗಂಟಲಲ್ಲಿ ಇಳಿಯಲಿಲ್ಲ. "ನಿನಗಿನ್ನಾ ಹಸಿವಾಗಿಲ್ಲ. ಹಸಿದ ದಿನ ತಿಂತಿ," ಎಂದು ತಾಟು ಎತ್ತಿಟ್ಟರು. ಸಿಟ್ಟಿನಿಂದಲ್ಲ. ಅವರ ಮಾತೇ ಹಾಗೆ, ಒಣ ಕಟ್ಟಿಗೆ.

ಅತ್ತೆಯ ಚಿಕ್ಕ ವಯಸ್ಸಿನಲ್ಲೇ ಅವರ ಗಂಡ ಸತ್ತಿದ್ದ. ಮಗನನ್ನು ಬೆಳೆಸಿ ಮದುವೆ ಮಾಡಿದ್ದಾಯಿತು. ಮಹಾಯುದ್ಧ ಮುಗಿದ ಮೇಲೆ ದವಾಖಾನೆಯ ದೊಡ್ಡ ಮೇಡಂ, ಆಫ್ರಿಕಾದಲ್ಲಿ ಇಂಥದೇ ದವಾಖಾನೆಗೆ ಹೆಣ್ಣಾಳು ಬೇಕು ಎಂದಾಗ ಅತ್ತೆ ಎದ್ದು ನಿಂತರು. ಆದರೆ ಹಡಗಿನ ಖರ್ಚು, ಅಲ್ಲಿಯ ಊಟ ನಮ್ಮ ಕ್ರೈಸ್ತ ಸಭೆಗಳೇ ಹೊರಬೇಕಿತ್ತು. ವಿಜಾಪುರ, ತಿಕೋಟಾ, ಬಬಲೇಶ್ವರ, ಮೂರೂ ಸಭೆ ಒಪ್ಪಿದರೆ ಮಾತ್ರ ಕಳಿಸುವುದು.

ಮೊದಲು ತಿಕೋಟಾಕ್ಕೆ ಹೋದೆವು. ಜೋಳ ಬೀಸುವ ಮೊದಲು ಒಂದು ಹಿಡಿ ದೇವರ ಗಡಿಗೆಗೆ ತೆಗೆದಿಡುವುದು ನಮ್ಮ ಹೆಣ್ಣುಮಕ್ಕಳ ರೂಢಿ. ಪ್ರಾರ್ಥನೆ ಮುಗಿದದ್ದೇ ತಡ, ಅತ್ತೆಯ ಖರ್ಚಿಗೆಂದು ಗಡಿಗೆಗಳು ಹೊರಬಂದವು. ಒಬ್ಬ ಮುದುಕಿ ಕೇಳಿದಳು, "ಯವ್ವಾ, ಹೊಳ್ಳಿ ಯಾವಾಗ ಬರ್ತಿ?"

"ಬರೂದಿಲ್ಲ. ಅಲ್ಲೇ ಸಾಯ್ತೇನಿ."

ನಮ್ಮ ಕಡೆ ಬಾವಿಗೆ ಹೊರಟವಳೂ "ಬರ್ತೇನಿ" ಎಂದೇ ಹೊಸ್ತಿಲು ದಾಟುತ್ತಾಳೆ. ಹಾಗೆನ್ನದೆ ಹೋಗುವುದು ಹೆಣ ಮಾತ್ರ. ಮುದುಕಿ ಗಡಿಗೆಯ ಮೇಲೆ ಸೆರಗು ಮುಚ್ಚಿದಳು. "ಬರಾಕಿಗಾದ್ರ ಬುತ್ತಿ ಕಟ್ಟತೇವಿ ಬೇ. ನಿನ್ನ ಮಣ್ಣ ಮಾಡಾಕ ನಾವ್ಯಾಕ ಜ್ವಾಳಾ ಕೊಡೂನು?" ಉಳಿದವರೂ ಗಡಿಗೆ ಎತ್ತಿಕೊಂಡರು.

ಬಬಲೇಶ್ವರಕ್ಕೆ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಒಬ್ಬಾಕೆ ನನ್ನ ಕಡೆ ನೋಡಿ ನಕ್ಕಳು. "ಸೊಸಿ ಕಾಟಕ್ಕ ಸಮುದ್ರಾ ದಾಟಾಕತ್ಯಾಳ ನೋಡ್ರಿ!" ಅಲ್ಲೂ ಏನೂ ಹುಟ್ಟಲಿಲ್ಲ.

ಬರುವಾಗ ದಾರಿಯಲ್ಲಿ ನಾನು ಬೇಡಿಕೊಂಡೆ. "ಅತ್ತಿ, ಬರ್ತೇನಿ ಅಂತ ಒಂದ ಮಾತ ಅಂದಬಿಡ್ರಿ. ನಿಮ್ಮ ಗಂಟೇನ ಹೋಗತೈತಿ?"

"ಅಲ್ಲಿ ಮಂದಿಗೆ ಏನಂತ ಹೇಳ್ಲಿ? ನಿಮ್ಮ ಹುಣ್ಣ ಮಾಯೂದ್ರಾಗ ನಾ ಊರಿಗೆ ಹೊಂಟೇನಂತ ಹೇಳ್ಲೇನ?"

ವಿಜಾಪುರದ ಹಿರಿಯರು ಬುದ್ಧಿವಂತರು. "ಎರಡ ವರ್ಷಕ್ಕ ಬರ್ತೇನಿ ಅನ್ರಿ ಬಾಯಾರ, ಉಳಿದದ್ದ ನಾವು ನೋಡ್ಕೋತೇವಿ," ಎಂದರು. ಅತ್ತೆ ಸಭೆಯ ಮುಂದೆ ನಿಂತರು. ಬಾಯಿ ತೆರೆದರು.

"ಕಳಸಿದ್ರ ಹೋಗ್ತೇನಿ," ಎಂದರು. ಅಷ್ಟೇ. ಸಭೆಯವರು ಕಡೆಯ ಕೀರ್ತನೆ ಹಾಡಿ, ಚಪ್ಪಲಿ ಹುಡುಕಿ ಮನೆಗೆ ಹೋದರು.

ಆಮೇಲೆ ಅತ್ತೆ ದವಾಖಾನೆಯ ಕೆಲಸ ಬಿಡಲಿಲ್ಲ, ಪ್ರಾರ್ಥನೆ ಬಿಟ್ಟರು. ಮೊದಲು ಊಟಕ್ಕೆ ಮುಂಚೆ ಎಲ್ಲರನ್ನೂ ಕಾಯಿಸಿ ಉದ್ದಕ್ಕೆ ಪ್ರಾರ್ಥಿಸುತ್ತಿದ್ದವರು, ಈಗ ರೊಟ್ಟಿ ಮುರಿದು ಸುಮ್ಮನೆ ಅಗಿಯುತ್ತಿದ್ದರು. ಆಫ್ರಿಕಾಕ್ಕೆ ಬೇರೆ ಯಾರೋ ಹೋದರೆಂದು ಮೇಡಂ ಹೇಳಿದಾಗ "ಚಲೋ ಆತು" ಎಂದು ಗೋಡೆಯ ಕಡೆ ತಿರುಗಿ ಕೂತರು. ಆ ಚಳಿಗಾಲ ಸಂಜೆ ಹೊತ್ತು ನನ್ನನ್ನು ಎದುರು ಕೂರಿಸಿ ಅಕ್ಷರ ತಿದ್ದಿಸಿದರು. ಮನಸ್ಸಿನ ಉರಿ ಆರಿಸಿಕೊಳ್ಳಲೋ ಏನೋ, ನನಗೆ ಗೊತ್ತಿಲ್ಲ. ಇದನ್ನು ಬರೆಯುತ್ತಿರುವುದು ಆ ಅಕ್ಷರದಿಂದಲೇ. ಆ ಅಕ್ಷರದಲ್ಲಿ ಸಮಾಧಾನದ ಮಾತು ಬರೆಯೋಣವೆಂದರೆ ಯಾವುದೂ ಹೊಳೆಯುವುದಿಲ್ಲ.

ಕಡೆಗೆ ಅತ್ತೆಗೆ ಕ್ಷಯ ಹಿಡಿಯಿತು. ಒಂದು ಮಧ್ಯಾಹ್ನ ಉಸಿರು ಸಿಕ್ಕಿಕೊಳ್ಳತೊಡಗಿತು. ನಾನು ಹೆದರಿ, "ಪಾದ್ರಿಗೋಳನ್ನ ಕರೀಲೇನ್ರಿ ಅತ್ತಿ?" ಎಂದೆ.

ಅವರು ಕಣ್ಣು ತೆರೆದು ನನ್ನನ್ನೇ ನೋಡಿದರು.

"ಯಾಕ? ಅಂವೇನ ಕಳಸ್ತಾನ?"

ನಾನು ಯಾರನ್ನೂ ಕರೆಯಲಿಲ್ಲ.