ಬ್ಯಾಡ ಅನ್ನೋರನ್ನ ಹುಡುಕುತ್ತಿದ್ದ ಕಾಕೂ

ಇಳಕಲ್ ಸೀರೆಯ ದಡಿಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು. ಮದುವೆ ಮನೆಗೂ ಅದೇ, ಸಂತೆಗೂ ಅದೇ. ಕಾಕೂ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ನಿವೃತ್ತಿಯಾದದ್ದು ಸಾಲೆಯಿಂದ ಮಾತ್ರ. ಸಪ್ತಾಪುರದ ನಮ್ಮ ಓಣಿಯಲ್ಲಿ ಕಸದ ಗಾಡಿಯವನು, ಬಾಡಿಗೆ ಖೋಲಿಯ ಹುಡುಗರು, ಬೈಕು ಅಡ್ಡ ನಿಲ್ಲಿಸುವ ಪ್ರಾಧ್ಯಾಪಕರು ಎಲ್ಲರೂ ಅವರ ಒಂದು ಕೂಗಿಗೆ ನೆಟ್ಟಗಾಗುತ್ತಿದ್ದರು. ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ, ಪಕ್ಕದ ಮನೆಯವರು ಅಷ್ಟೆ. ಓಣಿಗೆಲ್ಲ ಕಾಕೂ, ಹಾಗಾಗಿ ನನಗೂ ಕಾಕೂ.

ಬೇರೆಯವರು ನಿವೃತ್ತಿಯಾದ ಮೇಲೆ ಕಾಶಿಗೆ ಹೋಗುತ್ತಾರೆ. ಕಾಕೂ ಮಹಾನಗರ ಪಾಲಿಕೆ ಚುನಾವಣೆಗೆ ಅಭ್ಯರ್ಥಿ ಹುಡುಕಲು ಹೋಗುತ್ತಿದ್ದರು. ಯಾವ ಪಕ್ಷದವರೂ ಅಲ್ಲ. ವಾರ್ಡಿನಲ್ಲಿ ಯೋಗ್ಯರೊಬ್ಬರನ್ನು ಹಿಡಿದು, ಕಾಡಿ ಬೇಡಿ ಪಕ್ಷೇತರರಾಗಿ ನಿಲ್ಲಿಸುವುದು, ಅವರೊಡನೆ ಮನೆ ಮನೆ ತಿರುಗುವುದು, ಸೋಲುವುದು. ಹೌದು, ಅವರು ನಿಲ್ಲಿಸಿದವರು ಗೆದ್ದದ್ದನ್ನು ನಾನು ಕಂಡಿಲ್ಲ. ಚೇಷ್ಟೆ ಮಾಡಿದರೆ, “ಗೆಲ್ಲೂದು ಬಿಡವಾ. ಛಲೋ ಮಂದಿ ನಿಲ್ಲಲಿಲ್ಲಂದ್ರ ನೀ ವೋಟು ಯಾರಿಗೆ ಹಾಕ್ತಿ, ಗ್ವಾಡಿಗೆ?” ಎನ್ನುತ್ತಿದ್ದರು.

ತಾವಾಗಿ ಬಂದು “ನಾ ನಿಲ್ತೇನ್ರಿ” ಎಂದವರಿಗೆ ಚಹಾ ಕೊಟ್ಟು ಸಾಗಹಾಕುತ್ತಿದ್ದರು. “ಬೇಕು ಅನ್ನೋರು ಬ್ಯಾಡ, ಬ್ಯಾಡ ಅನ್ನೋರು ಬೇಕು” ಎಂಬುದು ಅವರ ಸೂತ್ರ. ಆ ಬ್ಯಾಡ ಅನ್ನೋರನ್ನು ಹುಡುಕುವುದಕ್ಕೂ ಒಂದು ರೀತಿ ಇತ್ತು. “ಮನಷ್ಯಾರ್ನ ನೀರು ಬಂದ ದಿನ ನೋಡಬೇಕು.” ನಮ್ಮಲ್ಲಿ ನಳದ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಬಂದ ದಿನ ದೇವರಂಥ ಮನುಷ್ಯರೂ ಕೊಡ ಹಿಡಿದು ಕಚ್ಚಾಡುತ್ತಾರೆ. ಕಾಕೂ ಅವತ್ತು ತಮ್ಮ ಟಾಕಿ ತುಂಬಿಸುವುದನ್ನು ಬಿಟ್ಟು ವಾರ್ಡಿನ ತುಂಬ ಅಡ್ಡಾಡುವರು. ಯಾರು ನಳಕ್ಕೇ ಮೋಟಾರು ಹಚ್ಚಿದರು, ಯಾರು ತಮ್ಮದು ತುಂಬಿದ ಮೇಲೂ ಅಂಗಳ ತೊಳೆಯುತ್ತ ನಿಂತರು, ಎಲ್ಲ ನೋಡುವರು. ಅಂಥದೊಂದು ದಿನ ನಾನು ನಮ್ಮ ಪೈಪನ್ನು ಕಾಂಪೌಂಡ್ ದಾಟಿಸಿ ಹಿಂದಿನ ಖೋಲಿಯ ಹುಡುಗಿಯರಿಗೆ ಕೊಡುವಾಗ ಅವರ ಕಣ್ಣಿಗೆ ಬಿದ್ದೆ. ನನ್ನ ನೆಮ್ಮದಿ ಅಲ್ಲಿಗೆ ಮುಗಿಯಿತು.

ಆ ಸಲ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಗಂಡಸರು ಹೆಂಡಂದಿರ ಫೋಟೋ ಹಿಡಿದು ಪಕ್ಷದ ಕಚೇರಿಗಳಿಗೆ ಓಡಾಡತೊಡಗಿದರು. ಒಂದು ಶುಕ್ರವಾರ ಸಂಜೆ ಕಾಕೂ ಓಣಿಯ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ಅರಿಷಿಣ ಕುಂಕುಮ ಹಚ್ಚಿ, ಸೆರಗು ಒಡ್ಡಿಸಿ, ಖಣ, ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ನನಗೆ ಉಡಿ ತುಂಬಿದರು. ಶುಕ್ರವಾರದ ಪದ್ಧತಿ ಎಂದುಕೊಂಡು ನಾನೂ ಖುಷಿಯಿಂದ ತುಂಬಿಸಿಕೊಂಡೆ. ಆಮೇಲೆ ಕಾಕೂ ನನ್ನ ಅತ್ತೆಯ ಕಡೆ ತಿರುಗಿ, “ನಿಮ್ಮ ಸೊಸೀನ್ನ ವಾರ್ಡಿಗೆ ಕೇಳಾಕ ಬಂದೇವ್ರಿ” ಎಂದರು. ಟ್ಯೂಷನ್ ಹೇಳಿಕೊಂಡು ತಣ್ಣಗಿದ್ದ ನಾನು ಒಲ್ಲೆ ಒಲ್ಲೆ ಎಂದು ಹಾರಾಡಿದೆ. ನನ್ನನ್ನು ಮನೆಯಿಂದ ಹೊರಗೆ ಕಳಿಸಲು ನೂರು ಸಲ ಯೋಚಿಸುತ್ತಿದ್ದ ಅತ್ತೆ, “ತುಂಬಿದ ಉಡಿ ಝಾಡಸಬಾರದವಾ” ಎಂದುಬಿಟ್ಟರು.

ಪ್ರಚಾರಕ್ಕೆ ಹೊರಟಾಗ ಕಾಕೂ ಹಾಕಿದ ಕರಾರು ಒಂದೇ. ನನ್ನ ಯಜಮಾನರು ಯಾರ ಮನೆಯ ಗೇಟನ್ನೂ ದಾಟಬಾರದು. “ಹೊರಗ ನಿಂತು ಚಪ್ಪಲ್ ಕಾಯ್ರಿ ಸಾಹೇಬ್ರ. ನೀವು ಒಳಗ ಬಂದ್ರ ಮಂದಿ ಆಕೀನ್ನ ಬಿಟ್ಟು ನಿಮಗ ನಮಸ್ಕಾರ ಮಾಡ್ತಾರ.” ಪಾಪ, ಇವರು ಬಿಸಿಲಲ್ಲಿ ನಿಂತು ಖರೇನೇ ಚಪ್ಪಲಿ ಕಾದರು. ನಾನು ಒಳಗೆ ಹೋಗಿ ತೊದಲಿದೆ, ಬೆವೆತೆ, ಕೊನೆಗೆ ಮಾತಾಡಲು ಕಲಿತೆ. ಕಲಿತಂತೆ ಆಸೆಯೂ ಹುಟ್ಟಿತು. ಗೆಲ್ಲಲೇಬೇಕು ಅನಿಸತೊಡಗಿತು. ಅಲ್ಲಿಗೆ ಬ್ಯಾಡ ಅನ್ನೋರ ಗುಂಪಿನಿಂದ ನಾನು ಹೊರಬಿದ್ದಿದ್ದೆ.

ಸೋತೆ. ಗೆದ್ದವಳು ಗುತ್ತಿಗೆದಾರನೊಬ್ಬನ ಹೆಂಡತಿ. ಮೆರವಣಿಗೆಯಲ್ಲಿ ಹಾರಗಳೆಲ್ಲ ಗಂಡನ ಕೊರಳಿಗೆ ಬಿದ್ದವು. ಆಕೆ ಜೀಪಿನ ಹಿಂದಿನ ಸೀಟಿನಲ್ಲಿ ಬೇರೆ ಯಾರದೋ ಮದುವೆಗೆ ಬಂದವಳಂತೆ ಕೂತಿದ್ದಳು. ನಾನು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಕೆಲವು ದಿನಗಳಲ್ಲೇ ತಿಳಿಯಿತು, ಮಧ್ಯಾಹ್ನ ಆ ಗಂಡ ಕೆಲಸಕ್ಕೆ ಹೊರಬಿದ್ದ ಮೇಲೆ ಕಾಕೂ ಆಕೆಯ ಮನೆಗೆ ಹೋಗುತ್ತಾರೆಂದು. ನನಗೆ ಮೈಯೆಲ್ಲ ಉರಿಯಿತು. ಕಾಂಪೌಂಡಿನ ಈಚೆಯಿಂದಲೇ ಕೇಳಿದೆ.

“ನನ್ನ ಸೋಲಿಸಿದಾಕಿ ಮನ್ಯಾಗ ಏನ್ ಕೆಲಸಾರೀ ನಿಮಗ?”

“ಪಾಲಿಕಿ ಸಭಾಕ್ಕ ಗಂಡನ್ನ ಬಿಟ್ಟು ಹೋಗೂದು ಕಲಿಸಾಕತ್ತೇನಿ. ಎದ್ದು ನಿಂತು ಮಾತಾಡಂದ್ರ ಆಕೀ ಕಾಲು ನಡಗತಾವ.”

“ಹಂಗಾದ್ರ ನನ್ನ ಯಾಕ ನಿಲ್ಲಿಸಿದ್ರಿ?”

ಕಾಕೂ ಹಿಂಡುತ್ತಿದ್ದ ಸೀರೆಯನ್ನು ಹಾಗೇ ಹಿಡಿದು ನನ್ನನ್ನು ನೋಡಿದರು. “ನಿನ್ನ ಸಲುವಾಗಿ ನಿಲ್ಲಿಸಿದ್ನೇನು? ವಾರ್ಡಿನ ಸಲುವಾಗಿ. ಈಗ ವಾರ್ಡಿಗೆ ಆಕಿ ಸಿಕ್ಕಾಳ. ನೀನರ ಒಲ್ಲೆ ಅಂತ ಹಾರಾಡಿದಿ. ಬೇಕೋ ಬ್ಯಾಡೋ ಅಂತ ಆಕೀನ್ನ ಯಾರೂ ಕೇಳೇ ಇಲ್ಲವಾ.”

ಎಷ್ಟೋ ದಿನ ನಾನು ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಅವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಗೋಡೆಯ ಮೇಲಿಂದ ಶೇಂಗಾ ಚಟ್ನಿ ಕೊಡುತ್ತಲೇ ಇದ್ದರು. ಆಕೆಯ ಮನೆಯಲ್ಲಿ ಅಭ್ಯಾಸ ಹೇಗೆ ನಡೆಯುತ್ತಿತ್ತೆಂದು ಓಣಿಯೇ ನನಗೆ ವರದಿ ಒಪ್ಪಿಸಿತು. ಅಡುಗೆಮನೆಯ ಸ್ಟೂಲಿನ ಮೇಲೆ ಕಾಕೂ ಮೇಯರ್ ಆಗಿ ಕೂರುವರಂತೆ. ಆಕೆ ಎದ್ದು ನಿಂತು ಗಟಾರದ ಬಗ್ಗೆ ಕೇಳಬೇಕಂತೆ. ದನಿ ಸಣ್ಣದಾದರೆ “ಮತ್ತೊಮ್ಮೆ!” ಎಂಬ ಕೂಗು ಬೀದಿಗೆ ಕೇಳುವುದಂತೆ. ಡ್ರಿಲ್ಲೇ ಸರಿ. ಮರುವರ್ಷ ಆಕೆ ಸಭೆಗೆ ಒಬ್ಬಳೇ ಹೋಗಿ, ವಾರ್ಡಿನ ತುದಿಯ ಮನೆಗಳಿಗೆ ನೀರೇ ಏರುವುದಿಲ್ಲ, ಯಾಕೆ ಎಂದು ಕೇಳಿದಳು. ಹೊಸ ಪೈಪು ಬಂತು. ಗಂಡ ಸಿಟ್ಟಾದನೆಂದೂ ಸುದ್ದಿ ಬಂತು. ಕಾಕೂ ಅವತ್ತು ತಾವೇ ಗೆದ್ದವರ ಹಾಗೆ ಓಣಿ ತುಂಬ ಅಡ್ಡಾಡಿದರು. ನನಗೂ ನಗು ತಡೆಯಲಾಗಲಿಲ್ಲ.

ಹೋದ ಚಳಿಗಾಲದಲ್ಲಿ ಕಾಕೂ ನಿದ್ದೆಯಲ್ಲೇ ತೀರಿಕೊಂಡರು. ಮಣ್ಣು ಮುಗಿದ ಮೇಲೆ ಹೆಂಗಸರೆಲ್ಲ ಅವರ ಪಡಸಾಲೆಯಲ್ಲಿ ಕೂತಿದ್ದೆವು. ನನ್ನನ್ನು ಸೋಲಿಸಿದ ಆಕೆ ಸ್ಕೂಟಿಯ ಮೇಲೆ ಒಬ್ಬಳೇ ಬಂದಳು. ನನ್ನ ಪಕ್ಕದಲ್ಲಷ್ಟೇ ಜಾಗವಿತ್ತು, ಅಲ್ಲೇ ಕೂತಳು. ಅಲ್ಲಿಯವರೆಗೆ ನಾವಿಬ್ಬರೂ ಒಂದು ಮಾತೂ ಆಡಿದವರಲ್ಲ. ಬಹಳ ಹೊತ್ತು ಸುಮ್ಮನೆ ಅತ್ತಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಸೋಮವಾರ ಸಭಾ ಐತ್ರಿ. ಇನ್ನ ಯಾರ ಮುಂದ ನಿಂತು ಮಾತಾಡಿ ನೋಡ್ಲಿ?” ಎಂದಳು.

ನಾನು ಆಕೆಯ ಕಡೆ ತಿರುಗಿ ಕೂತೆ.

“ನಾಳಿ ಮಧ್ಯಾಹ್ನ ನಮ್ಮ ಮನಿಗೆ ಬರ್ರಿ,” ಎಂದೆ. “ನಾ ಕೇಳ್ತೇನಿ.”