ಗೀರು ಬಿದ್ದ ಜಾಗದ ಮಾತು

ಹೊರನಾಡ ಕನ್ನಡಿಗರಾದ ನಮ್ಮ ಚಿಂಚವಾಡದ ಮನೆಯಲ್ಲೊಂದು ಹಳೆಯ ಹಾಸ್ಯಚಿತ್ರದ ಸಿ.ಡಿ. ಇದೆ, ಅದರ ಬೆನ್ನ ಮೇಲೊಂದು ಗೀರು. ಆ ಚಿತ್ರದಲ್ಲಿ ಬಾಡಿಗೆ ಮನೆಯ ಆಸೆಗೆ ತಾನು ಡಾಕ್ಟರೆಂದು ಸುಳ್ಳು ಹೇಳಿದ ನಾಯಕ, ನೋವೆಂದು ಬಂದ ಮನೆಮಾಲೀಕನ ಎದೆಗೆ ಸ್ಟೆತಸ್ಕೋಪ್ ಒತ್ತಿ ಗಂಭೀರನಾಗಿ ಕೂತಿದ್ದಾನೆ, ಕಿವಿಗೆ ಹಾಕಿಕೊಳ್ಳುವುದನ್ನೇ ಮರೆತು. “ಕಿವಿಗೆ ಹಾಕ್ಕೊಳ್ಳಲ್ವಾ ಡಾಕ್ಟ್ರೇ?” ಎಂದು ಮಾಲೀಕ ಕೇಳುವುದಕ್ಕೂ ಚಿತ್ರ ಗಕ್ಕನೆ ನಿಲ್ಲುವುದಕ್ಕೂ ಸರಿಹೋಗುತ್ತದೆ. ಆಗ ಪಿಂಪ್ರಿಯ ಕಾರ್ಖಾನೆಯಿಂದ ನಿವೃತ್ತರಾದ ನಮ್ಮಪ್ಪ ಕನ್ನಡಕ ಸರಿಮಾಡಿಕೊಂಡು, ಒಂದು ಕ್ಷಣ ತಡೆದು, ತಮ್ಮ ಧಾರವಾಡದ ಧಾಟಿಯಲ್ಲಿ ಎಂದೋ ಟಾಕೀಸಿನಲ್ಲಿ ಕೇಳಿದ್ದ ನಾಯಕನ ಉತ್ತರ ಹೇಳುತ್ತಿದ್ದರು: “ಇನ್ನೊಬ್ಬರ ಮಾತು ಕದ್ದು ಕೇಳಬಾರದ್ರೀ.” ಆಮೇಲೆ ಪ್ಲೇಯರಿನ ನೆತ್ತಿಗೆ ಎರಡು ಪೆಟ್ಟು, ಚಿತ್ರ ಆ ಉತ್ತರವನ್ನು ದಾಟಿ ಮುಂದಕ್ಕೆ.

ನಾಲ್ಕು ತಿಂಗಳ ಹಿಂದೆ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಕೈಯ ಬಲ ಮೆಲ್ಲಗೆ ಮರಳಿತು, ಮಾತು ಮಾತ್ರ “ಹೂಂ”, “ಬ್ಯಾಡ” ಎಂಬಲ್ಲಿಗೇ ನಿಂತಿತು. ಮಾತು ಕಲಿಸಲು ಬರುವಾಕೆ “ಕಮಲ ಅನ್ರಿ” ಎಂದರೆ ಗೋಡೆಯತ್ತ ತಿರುಗಿಬಿಡುವರು. ಒಂದು ದಿನ ಸಿ.ಡಿ. ಹಾಕಿ ನೋಡಿದೆ. ಗೀರಿನ ಜಾಗದಲ್ಲಿ ಚಿತ್ರ ನಿಂತಿತು, ಅಪ್ಪನೂ ಸುಮ್ಮನಿದ್ದರು. ಮತ್ತೆ ಹಾಕುವ ಧೈರ್ಯ ನನಗಾಗಲಿಲ್ಲ.

ಅಷ್ಟರಲ್ಲಿ ಅದೇ ಚಿತ್ರ ಹೊಸ ನಟರೊಂದಿಗೆ ಮರುಹುಟ್ಟು ಪಡೆದು ನಮ್ಮೂರ ಚಿತ್ರಮಂದಿರಕ್ಕೆ ಬಂತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು ನಾನು. ಒಮ್ಮೆ ಸರಿಯಾಗಿ ಆದದ್ದನ್ನು ಮತ್ತೆ ಮಾಡುವುದೇಕೆಂದು ಅವ್ವನೆದುರು ವಾದ ಹೂಡಿದೆ. “ಭಾಷಣ ಸಾಕು, ನಿಮ್ಮಪ್ಪನ ಚಪ್ಪಲಿ ತಗೊಂಬಾ,” ಎಂದಳು ಅವ್ವ.

ಸ್ನೇಹಿತರೇ, ಹೊಸ ಚಿತ್ರ ನಾನು ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿತ್ತು. ಹಳೆಯದು ನಗೆಯನ್ನು ನಮ್ಮೆದುರು ಇಟ್ಟು ತಾನು ತೆಪ್ಪಗೆ ಕೂರುತ್ತಿತ್ತು. ಹೊಸದಕ್ಕೆ ಮೌನವೆಂದರೆ ಭಯ, ನಾವು ನಗಲು ಮರೆತೇವೆಂದು ತಾನೇ ಡೋಲು ಬಾರಿಸುತ್ತದೆ. ಸ್ಟೆತಸ್ಕೋಪಿನ ದೃಶ್ಯ ಬಂತು. ಮಾಲೀಕನ ಪ್ರಶ್ನೆ ಮುಗಿಯುವ ಮುನ್ನವೇ ಈ ನಾಯಕ ಉತ್ತರವನ್ನು ಎಸೆದ, ಡೋಲು ಬಿತ್ತು, ದೃಶ್ಯ ಮುಗಿಯಿತು. ನನ್ನ ಪಕ್ಕದಲ್ಲಿ ಒಂದು ಕೈ ಮೇಲೆದ್ದಿತು.

“ಹಂಗಲ್ಲ,” ಎಂದರು ಅಪ್ಪ. “ತಡೀಬೇಕು.”

ತಡೆದರು. ಎಷ್ಟು ಹೊತ್ತೆಂದರೆ ಮಾತು ದಾರಿಯಲ್ಲೇ ಕಳೆದುಹೋಯಿತೆಂದು ನಾನು ಅವರ ಮೊಣಕೈ ಹಿಡಿದೆ. ಆಮೇಲೆ ತೊದಲುತ್ತ, ಆದರೆ ಪೂರ್ತಿಯಾಗಿ: “ಇನ್ನೊಬ್ಬರ... ಮಾತು... ಕದ್ದು ಕೇಳಬಾರದ್ರೀ.”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. “ಇದು ಚಲೋ ಆತು ನೋಡ್ರಿ.”

ಅಪ್ಪ ತಡೆದ ಆ ಮೌನದಲ್ಲಿ ಹಾಸ್ಯದ ಹದವೆಷ್ಟು, ಕಾಯಿಲೆಯ ತಡವೆಷ್ಟು ಎಂದು ಬೇರ್ಪಡಿಸಲು ನನ್ನ ತರ್ಕಕ್ಕೆ ಆಗಲಿಲ್ಲ, ಬೇಕೆನಿಸಲೂ ಇಲ್ಲ. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ನಾನಂತೂ ಮರುಚಿತ್ರದ ಮೇಲಿನ ಆರೋಪಗಳಲ್ಲಿ ಒಂದನ್ನೂ ಹಿಂದಕ್ಕೆ ಪಡೆದಿಲ್ಲ. ಆದರೆ ಅದು ಅಷ್ಟು ಕೆಟ್ಟದಾಗಿ ಹೇಳದಿದ್ದರೆ ತಿದ್ದುವವರು ಎಲ್ಲಿ ಬಾಯಿ ಬಿಡುತ್ತಿದ್ದರು?

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಎರಡು ಚಿತ್ರಗಳನ್ನು ಹೋಲಿಸಿದ ನಾನು ಮೊದಲನೆಯದನ್ನು ಪೂರ್ತಿ ನೋಡಿಯೇ ಇಲ್ಲ. ಹಳೆಯ ನಾಯಕ ಆ ಉತ್ತರವನ್ನು ಹೇಗೆ ಹೇಳಿದ್ದಾನೋ ನನಗೆ ಗೊತ್ತಿಲ್ಲ. ಗೀರಿಲ್ಲದ ಚಿತ್ರ ಈಗ ಫೋನಿನಲ್ಲೇ ಸಿಗುತ್ತದಂತೆ. ನಾನು ಹುಡುಕುವುದಿಲ್ಲ. ಸಿನಿಮಾದಿಂದ ಬಂದ ಸಂಜೆಯೇ ಸಿ.ಡಿ. ಹಾಕಿದೆ. ಮಾಲೀಕ ಕೇಳಿದ, ಚಿತ್ರ ನಿಂತಿತು. ಅಪ್ಪ ಕನ್ನಡಕಕ್ಕೆ ಕೈ ಹಾಕಿದರು. ಈ ಸಲ ಕಾಯಲು ನಮಗ್ಯಾರಿಗೂ ಅವಸರವಿರಲಿಲ್ಲ.