ಒಡ್ಡಿನ ಬಾಜಿನ ತೆನೆಗಳು

ಆ ವರ್ಷ ಬೀಜದ ತೆನೆ ಆರಿಸಿದವಳು ನಾನು. ದೊಡ್ಡವ್ವ ಅಲ್ಲ.

ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಮುಂದೆ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಅಂದು ನಾನು ಹೊತ್ತು ತಂದದ್ದು ಗೋಣಿಚೀಲವೋ ಹಳೆ ಸೀರೆಯ ಗಂಟೋ — ಒಂದೊಂದು ಸಲ ಒಂದೊಂದು ಕಣ್ಣ ಮುಂದೆ ಬರುತ್ತದೆ. ಓದುವ ದಿನಗಳಿಂದ ದಿನಚರಿ ಬರೆಯುತ್ತ ಬಂದವಳು ನಾನು. ಆ ದಿನದ ಬಗ್ಗೆ ಏನೂ ಬರೆಯಲಿಲ್ಲ. ಮರೆತು ಬರೆಯಲಿಲ್ಲ ಅಂತ ಹೇಳಲಾರೆ.

ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ ಅಮರಮ್ಮ. ಸಂತೆಕಲ್ಲೂರಲ್ಲಿ ಅವರ ಕರಿಮಣ್ಣಿನ ಎರೆಹೊಲ, ಹಿಂಗಾರಿ ಜೋಳ. ಮಳೆ ನಿಂತ ಮೇಲೆ ಬಿತ್ತಿ, ನೆಲ ಹಿಡಿದಿಟ್ಟ ಹಸಿಯ ಮೇಲೇ ಬೆಳೆಯಬೇಕಾದ ಜೋಳ. ಕೊಯ್ಲಿಗೆ ಮುಂಚೆ ಮನೆಯ ಹಿರಿ ಹೆಂಗಸು ಹೊಲ ಹೊಕ್ಕು ಮುಂದಿನ ವರ್ಷದ ಬೀಜಕ್ಕೆ ತೆನೆ ಆರಿಸುವುದು ಅಲ್ಲಿಯ ಪದ್ಧತಿ. ಆ ತೆನೆಗಳನ್ನು ಅಡಿಗೆಮನೆಯ ತೊಲೆಗೆ ಕಟ್ಟಿದರೆ ಹೊಗೆಗೆ ಹುಳ ಹತ್ತುವುದಿಲ್ಲ. ದೊಡ್ಡವ್ವನ ಕೈ ಒಳ್ಳೆಯದು ಎಂದು ಓಣಿಯಲ್ಲಿ ನಂಬಿಕೆ. ನಾಲ್ಕು ಮನೆಯವರು ಬೇರೆ ಜೋಳ ಕೊಟ್ಟು ಅವಳ ಬೀಜ ಒಯ್ಯುತ್ತಿದ್ದರು. ಒಯ್ಯುವಾಗ ಅವಳ ಮುಖದಲ್ಲಿ ಒಂದು ಬಿಗುಮಾನ ಇರುತ್ತಿತ್ತು — ಅದು ನನಗೆ ಸ್ಪಷ್ಟವಾಗಿ ನೆನಪಿದೆ.

ನಾನಾಗ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಲಿಂಗಸುಗೂರಿನ ನಮ್ಮ ಮನೆಯಲ್ಲಿ ಗದ್ದಲವೆಂದು ಪರೀಕ್ಷೆಗೆ ಓದಿಕೊಳ್ಳಲು ಅಲ್ಲಿಗೆ ಹೋಗಿದ್ದೆ. ಓದುತ್ತಿದ್ದ ವಿಷಯವೂ ಆರಿಸುವುದರದ್ದೇ: ವಿಕಾಸವಾದ, ನೈಸರ್ಗಿಕ ಆಯ್ಕೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಕಥೆ ಚೆಂದ ಮಾಡಲು ನಾನೇ ಹೀಗೆ ಜೋಡಿಸಿಕೊಂಡೆನೇ ಎಂದು ಅನುಮಾನವೂ ಬರುತ್ತದೆ. ಆದರೆ ಅದೇ ಓದುತ್ತಿದ್ದೆ.

ದೊಡ್ಡವ್ವನ ಕಾಲಿಗೆ ಜಾಲಿ ಮುಳ್ಳು ನೆಟ್ಟು ಪಾದ ಬಾತಿತ್ತು. ಅವಳ ಮಗ ವೀರೇಶಣ್ಣ ಟ್ರ್ಯಾಕ್ಟರ್ ತಗೊಂಡು ಜವಳಗೇರಾ ಕಡೆ ಭತ್ತದ ಗದ್ದೆ ಹೊಡೆಯಲು ಹೋಗಿದ್ದ. ಕೊಯ್ಲಿನ ಆಳುಗಳು ಮರುದಿನವೇ ಬರುವವರಿದ್ದರು.

“ನೀ ಹೋಗಿ ಬಾ,” ಅಂದಳು. “ನಡುಹೊಲದಾಗ ಹೋಗು. ಒಡ್ಡಿನ ಬಾಜು ತೆನಿ ಮುಟ್ಟಬ್ಯಾಡ. ಯಾರರ ಕೇಳಿದ್ರ ನಾನs ಆರಿಸೀನಿ ಅಂತೀನಿ. ಕೊಟ್ಟ ಮನಿಗೆ ಹೋಗೋ ಹುಡುಗಿ ಬೀಜಕ್ಕ ಕೈ ಹಚ್ಚ್ಯಾಳ ಅಂದ್ರ ಮಂದಿ ಸುಮ್ನ ಇರ್ತಾರೇನು?”

“ಒಡ್ಡಿನ ಬಾಜು ಯಾಕ ಬ್ಯಾಡ?”

“ಬ್ಯಾಡ ಅಂದ್ರ ಬ್ಯಾಡ. ನಮ್ಮತ್ತಿ ಹೇಳಿದ್ಲು. ನಿಮ್ಮ ಕಾಲೇಜಿನ್ಯಾಗ ಎಲ್ಲಾದಕ್ಕೂ ಯಾಕ ಅಂತ ಕೇಳಾಕ ಕಲಿಸ್ತಾರೇನ ಬೇ?”

ಹೋದೆ. ನಡುಹೊಲದಲ್ಲಿ ನೆಲ ಪಾದ ಹೊಗುವಷ್ಟು ಬಿರಿದಿತ್ತು. ಒಣಗಿದ ಗರಿ ಕೈ ಕೊರೆಯುತ್ತಿತ್ತು. ತೆನೆಗಳೂ ಅಂಥ ದೊಡ್ಡವಲ್ಲ, ಹಿಡಿಯಷ್ಟು. ಒಂದಷ್ಟು ಮುರಿದೆನೋ ಏನೋ. ಆಮೇಲೆ ಒಡ್ಡಿನ ಕಡೆ ನೋಡಿದೆ. ಮಳೆನೀರು ಹರಿದು ಬಂದು ನಿಲ್ಲುವ ಜಾಗ ಅದು. ದಂಟು ಎದೆಗಿಂತ ಮೇಲೆ, ಇನ್ನೂ ಹಸಿರು, ತೆನೆಗಳು ಮಕ್ಕಳ ತಲೆಯಷ್ಟು ತುಂಬಿ ಬಾಗಿದ್ದವು. ಪಕ್ಕದಲ್ಲಿ ಬೇವಿನ ನೆರಳು. ಅಜ್ಞಾನ ಅನ್ನಲಾರೆ — ಸೋಮಾರಿತನ, ಬಿಸಿಲು, ಮತ್ತೆ ನನಗೆ ಹೆಚ್ಚು ತಿಳಿದಿದೆ ಎನ್ನುವ ಠೇಂಕಾರ. ಬಲಿಷ್ಠವಾದದ್ದು ಉಳಿಯುತ್ತದೆ ಅಂತ ಪುಸ್ತಕವೇ ಹೇಳುತ್ತದಲ್ಲ, ದೊಡ್ಡದಕ್ಕಿಂತ ಬಲಿಷ್ಠ ಯಾವುದು? ನೆರಳಲ್ಲೇ ನಿಂತು ಚೀಲ ತುಂಬಿದೆ.

ಮನೆಯಲ್ಲಿ ಅವಳು ಒಂದು ತೆನೆ ತಿರುಗಿಸಿ ತಿರುಗಿಸಿ ನೋಡಿದಳು.

“ನಡುಹೊಲದ್ದs ಹೌದಲ್ಲೋ?”

“ಹೌದು, ದೊಡ್ಡವ್ವ.”

ಇದೇ ಆ ಮಾತು. ಬೇರೆ ಏನು ಮರೆತರೂ ಇದು ಮರೆತಿಲ್ಲ. ಅವಳು ಒಂದು ಕಾಳು ಬಿಡಿಸಿ ಹಲ್ಲಿಗಿಟ್ಟು ನೋಡಿ, “ಆತು, ತೊಲಿಗೆ ಕಟ್ಟು” ಅಂದಳು. ಆ ಕಾಳು ಕಚ್ಚಿ ನೋಡಿದ್ದು ನಿಜವಾಗಿ ನಡೆದಿತ್ತೋ, ಆಮೇಲೆ ನಾನು ಸೇರಿಸಿದ್ದೋ — ಗೊತ್ತಿಲ್ಲ.

ಮುಂದಿನ ವರ್ಷ ಮಳೆ ಬೇಗ ಕೈ ಬಿಟ್ಟಿತು. ಸುತ್ತಲಿನ ಹೊಲಗಳಲ್ಲಿ ತೆನೆ ಸಣ್ಣದಾದರೂ ಕಾಳು ಕಟ್ಟಿತು. ನಮ್ಮ ಹೊಲದಲ್ಲೂ, ನಮ್ಮ ಬೀಜ ಒಯ್ದವರ ಹೊಲಗಳಲ್ಲೂ ಪೈರು ಎತ್ತರಕ್ಕೆ ಬೆಳೆಯಿತು, ತಡವಾಗಿ ತೆನೆ ಬಿಟ್ಟಿತು. ಕಾಳು ಹಾಲು ಹಿಡಿಯುವ ಹೊತ್ತಿಗೆ ನೆಲದಲ್ಲಿ ಹಸಿ ಇರಲಿಲ್ಲ. ಮುಕ್ಕಾಲು ಜೊಳ್ಳು.

ಅದಕ್ಕೆ ಬೀಜವೇ ಕಾರಣ ಅಂತ ಇವತ್ತೂ ನಾನು ಪ್ರಮಾಣ ಮಾಡಲಾರೆ. ಬಿತ್ತಿದ್ದು ತಡವಾಗಿರಬಹುದು. ಒಂದೇ ವರ್ಷದ ಆಯ್ಕೆಯಿಂದ ಅಷ್ಟೊಂದು ವ್ಯತ್ಯಾಸ ಬರಬೇಕೆಂದೇನೂ ಇಲ್ಲ. ಈ ವಾದವನ್ನು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡು ದಣಿದಿದ್ದೇನೆ. ನನ್ನ ತಪ್ಪು ಇರುವುದು ಹೊಲದಲ್ಲಲ್ಲ, ಅಂಗಳದಲ್ಲಿ.

ತೆನೆ ಒಕ್ಕುವ ರಾಶಿಗೆ ಅಂತ ನಾನು ಹೋಗಿದ್ದೆ. ಬೀಜ ಒಯ್ದಿದ್ದ ಮನೆಯ ಹೆಂಗಸೊಬ್ಬಳು ಅಂಗಳದಲ್ಲೇ ನಿಂತು, “ಅಮರಮ್ಮ, ಬೀಜ ಕೊಟ್ಟಿದ್ಯೋ, ಹೊಟ್ಟು ಕೊಟ್ಟಿದ್ಯೋ? ನಮ್ಮ ಎಮ್ಮಿಗೆ ಭಾಳ ಖುಷಿ ಆಗೈತಿ ನೋಡು” ಅಂದಳು. ನಾಲ್ಕು ಜನ ನಕ್ಕರು. ವೀರೇಶಣ್ಣನಿಗೆ ಅವಮಾನವಾಗಿರಬೇಕು, ತಾಯಿಯ ಮೇಲೆ ತಿರುಗಿದ.

“ಇನ್ನ ಮ್ಯಾಲೆ ನೀ ಬೀಜಕ್ಕ ಕೈ ಹಚ್ಚಬ್ಯಾಡ ಬೇ. ನಿನಗ ಕಣ್ಣು ಕಾಣಂಗಿಲ್ಲ. ನಿನ್ನ ಕೈಗುಣ ತೀರಿ ಹೋಗೈತಿ.”

ನನ್ನ ಕೈಯಲ್ಲಿ ಚಹಾದ ಲೋಟ ಇತ್ತು. ಒಂದು ಮಾತು ಸಾಕಿತ್ತು — ಅಣ್ಣಾ, ಆರಿಸಿದಾಕಿ ನಾನು. ಬಾಯಿಯವರೆಗೆ ಬಂದಿತ್ತು ಅಂತ ಬರೆಯಬೇಕೆನಿಸುತ್ತದೆ. ಬಂದಿರಲಿಲ್ಲ. ನಾನು ಚಹಾ ಕುಡಿದೆ.

“ಆತಪಾ,” ಅಂದಳು ದೊಡ್ಡವ್ವ. “ವಯಸ್ಸಾತು.”

ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಷ್ಟು ವರ್ಷ ಇದು ಹೀಗೆ ಉಳಿಯುತ್ತಿರಲಿಲ್ಲವೇನೋ.

ಮರುವರ್ಷದಿಂದ ಅಂಗಡಿಯ ಪಾಕೀಟಿನ ಬೀಜ ಬಂತು. ಅವಳ ಅತ್ತೆಯ ಕಾಲದಿಂದ ಬಂದ ಜೋಳ ಆ ಮನೆಯಲ್ಲೂ ಇಲ್ಲ, ಒಯ್ದವರ ಮನೆಗಳಲ್ಲೂ ಇಲ್ಲ. ಕೊಯ್ಲಿನ ಹಿಂದಿನ ದಿನ ದೊಡ್ಡವ್ವ ಮತ್ತೆ ಹೊಲಕ್ಕೆ ಹೋಗಲಿಲ್ಲ. ಕೊನೆಕೊನೆಗೆ ಅಕ್ಕಿ ಆರಿಸುವಾಗಲೂ ಸೊಸೆಯನ್ನು ಕರೆದು, “ನೀನs ನೋಡವ್ವ, ನನಗ ಕಣ್ಣು ಕಾಣಂಗಿಲ್ಲ” ಅನ್ನುತ್ತಿದ್ದಳು. ಕಣ್ಣು ಚೆನ್ನಾಗಿಯೇ ಇದ್ದವು. ದೂರದ ಬಸ್ಸು ಮಸ್ಕಿಯದೋ ಅಲ್ಲವೋ ಹೇಳುತ್ತಿದ್ದಳು.

ಈಗ ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನೈಸರ್ಗಿಕ ಆಯ್ಕೆಯ ಪಾಠವನ್ನು ಪ್ರತಿ ವರ್ಷ ಮಾಡುತ್ತೇನೆ, ಪ್ರತಿ ವರ್ಷ ಆಯಾಸವಾಗುತ್ತದೆ. ಈ ಸಲ ಗೊರೇಬಾಳದ ಒಬ್ಬ ಹುಡುಗಿ ಕೇಳಿದಳು: “ಹಂಗಾರ ದೊಡ್ಡದು, ಜೋರ್ ಇದ್ದದ್ದು ಗೆಲ್ಲತೈತಲ್ರೀ ಮೇಡಂ?”

ಅಲ್ಲ ಅಂದೆ. ಒಂದು ಹೊಲದ ಪೈರೆಲ್ಲ ಒಂದೇ ಥರ ಇರುವುದಿಲ್ಲ. ಬೇಗ ಕಾಳು ಕಟ್ಟುವುದು, ತಡವಾಗಿ ಕಟ್ಟುವುದು, ಹೆಚ್ಚು ನೀರು ಬೇಡುವುದು, ಕಡಿಮೆಯಲ್ಲಿ ಸುಧಾರಿಸುವುದು — ಆ ಗುಣ ಬೀಜದೊಳಗೇ ಬರುತ್ತದೆ. ಯಾವ ಪೈರೂ ಬೇಕೆಂದು ಬದಲಾಗುವುದಿಲ್ಲ. ನೆಲ ಒಣಗಿದಾಗ ಕೆಲವಕ್ಕೆ ಕಾಳು ಕಟ್ಟುತ್ತದೆ, ಕೆಲವಕ್ಕೆ ಇಲ್ಲ. ಕಟ್ಟಿದವುಗಳ ಮಕ್ಕಳೇ ಮುಂದೆ ಹೆಚ್ಚಾಗುತ್ತವೆ. ಆ ಜಾಗಕ್ಕೆ, ಆ ಕಾಲಕ್ಕೆ ಹೊಂದಿದ್ದು ಉಳಿಯುತ್ತದೆ, ಅಷ್ಟೆ. ಅಂಥದ್ದನ್ನು ಗುರುತಿಸಬೇಕಾದರೆ ಒಣಗಿದ ನಡುಹೊಲಕ್ಕೇ ಹೋಗಬೇಕು. ಒಡ್ಡಿನ ಬಾಜು ಎಲ್ಲವೂ ಚೆನ್ನಾಗಿ ಕಾಣುತ್ತವೆ. ಅಲ್ಲಿ ನೀರು ಎಲ್ಲದರ ದೋಷ ಮುಚ್ಚಿರುತ್ತದೆ —

ಅಲ್ಲಿಗೆ ನಿಲ್ಲಿಸಿದೆ. ನಾನು ಬೋರ್ಡಿನ ಮೇಲೆ ಜೋಳದ ಹೊಲ ಬರೆದಿದ್ದೆ. ಪುಸ್ತಕದಲ್ಲಿ ಜೋಳದ ಹೊಲ ಇಲ್ಲ. ಹುಡುಗಿಗೆ ಅರ್ಥವಾಯಿತು, ಬರೆದುಕೊಂಡಳು.

ಹೋದ ಭಾನುವಾರ ಮಸ್ಕಿಯಿಂದ ಆಟೋದಲ್ಲಿ ಸಂತೆಕಲ್ಲೂರಿಗೆ ಹೋದೆ. ದೊಡ್ಡವ್ವ ಈಗಿಲ್ಲ, ಹೇಳಬೇಕಾದವಳಿಗೆ ಹೇಳುವ ಕಾಲ ಮುಗಿದಿದೆ. ವೀರೇಶಣ್ಣ ಅಂಗಳದಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ. ನಾನು ಎಲ್ಲ ಹೇಳಿದೆ — ಮುಳ್ಳು, ಚೀಲ, ಒಡ್ಡು, ಸುಳ್ಳು, ಚಹಾ. ಅವನು ತಲೆ ಎತ್ತಲಿಲ್ಲ. ಹೊಸೆಯುವುದನ್ನೂ ನಿಲ್ಲಿಸಲಿಲ್ಲ. ಕ್ಷಮಿಸು ಅನ್ನಲು ಹೋದೆ. ಅದು ಅವನಲ್ಲಿ ಕೇಳುವುದಲ್ಲ ಅನಿಸಿ ಬಿಟ್ಟೆ. ಹೊರಡುವ ಮುಂಚೆ ಒಂದನ್ನು ಮಾತ್ರ ಕೇಳಿದೆ. ಅವನು ಎದ್ದು ಎಮ್ಮೆಗೆ ನೀರಿಡಲು ಹೋದ. ಆಟೋ ಬರುವವರೆಗೂ ಕಾದೆ, ಹೊರಗೆ ಬರಲಿಲ್ಲ. ಆಮೇಲೆ ಫೋನೂ ಮಾಡಿಲ್ಲ.

ಕೇಳಿದ್ದು ಇಷ್ಟೆ:

“ಅಣ್ಣಾ, ನೀ ಅಷ್ಟು ಮಂದಿ ಮುಂದ ಬೈದಿದ್ದಕ್ಕಾದ್ರೂ, ಆಮ್ಯಾಲೆ ಎಂದರ ಒಂದಿನ — ದೊಡ್ಡವ್ವ ನಿನಗ ನನ್ನ ಹೆಸರು ಹೇಳಿದ್ಲೇನು?”